ಸೀರಿಯಲ್ ಚಿಪ್ಪಿನ ಚಾರ್ಜ್ ಪಂಪ್ ಮತ್ತು ಅಳತೆಯ ನಿಖರತೆ: ಮಾವಳ್ಳಿ ಆಸುಪಾಸಿನ ವಿದ್ಯಾರ್ಥಿ ಬೋರ್ಡುಗಳನ್ನು ಕುರಿತು

ಮಾವಳ್ಳಿಯಿಂದ ಜೆ.ಸಿ. ರಸ್ತೆ ಹಿಡಿದು ಟೌನ್‌ಹಾಲ್ ಕಡೆಗೆ ನಡೆದರೆ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳು ದೂರವಲ್ಲ. 1946ರಲ್ಲಿ ಆರಂಭವಾದ ಬಸವನಗುಡಿಯ ಬಿ.ಎಂ.ಎಸ್. ಎಂಜಿನಿಯರಿಂಗ್ ಕಾಲೇಜು, 1979ರಲ್ಲಿ ಶುರುವಾದ ವಿ.ವಿ. ಪುರದ ಬೆಂಗಳೂರು ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಎರಡೂ ಇದೇ ಸೀಮೆಯವು. ಇಲ್ಲಿನ ವಿದ್ಯಾರ್ಥಿಗಳು ಕಟ್ಟುವ ಬೋರ್ಡುಗಳಲ್ಲಿ ಒಂದು ಜೋಡಿ ಬಹುಕಾಲದಿಂದ ನಡೆದುಬಂದಿದೆ: ಉಷ್ಣತೆ ಅಳೆಯುವ ಎಲ್‌ಎಂ35 ಮತ್ತು ಆ ಅಳತೆಯನ್ನು ಕಂಪ್ಯೂಟರಿಗೆ ಮುಟ್ಟಿಸುವ ಮ್ಯಾಕ್ಸ್232. ಪರದೆಯ ಮೇಲೆ ಉಷ್ಣತೆ ಒಂದೆಡೆ ನಿಲ್ಲದೆ ಕುಣಿದಾಗ ಬೈಗುಳ ಬೀಳುವುದು ಸೆನ್ಸಾರಿಗೆ. ಹಲವು ಸಲ ತಪ್ಪು ಅದರದ್ದಲ್ಲ, ಸುದ್ದಿ ಒಯ್ಯುವ ಚಿಪ್ಪಿನದು. ಆ ಚಿಪ್ ಎಬ್ಬಿಸುವ ವಿದ್ಯುತ್ ಗದ್ದಲವನ್ನು (ನಾಯ್ಸ್) ಅದು ಹುಟ್ಟುವ ಕಡೆಯೇ ತಡೆಯಬೇಕು, ಕೇಬಲ್ ಜೋಡಿಸಿ ದತ್ತಾಂಶ ಹರಿಯುವಾಗಲೇ ಅಳೆಯಬೇಕು ಎಂಬುದು ಈ ಲೇಖನದ ವಾದ.

ಆರ್‌ಎಸ್-232 ಸೀರಿಯಲ್ ಮಾನಕದ ಪ್ರಕಾರ ಕಳಿಸುವ ತುದಿಯಲ್ಲಿ ವೋಲ್ಟೇಜು ಧನ ಅಥವಾ ಋಣ ದಿಕ್ಕಿನಲ್ಲಿ 5ರಿಂದ 15 ವೋಲ್ಟಿನಷ್ಟಿರಬೇಕು. ಹಿಂದೆ ಸಂಕೇತ ಕಳಿಸುವ 1488 ಡ್ರೈವರ್ ಐಸಿಗೆ ಧನ-ಋಣ 12 ವೋಲ್ಟಿನ ಪೂರೈಕೆಯನ್ನು ಬೇರೆಯಾಗಿ ಒದಗಿಸಬೇಕಿತ್ತು. ಮ್ಯಾಕ್ಸ್232 ಆ ತೊಡಕನ್ನು ನೀಗಿಸಿತು. ಒಂದೇ 5 ವೋಲ್ಟನ್ನು ತೆಗೆದುಕೊಂಡು, ಕೆಪಾಸಿಟರುಗಳನ್ನು ತುಂಬಿಸಿ ಒಂದರ ಮೇಲೊಂದು ಪೇರಿಸಿ ಸುಮಾರು 10 ವೋಲ್ಟನ್ನೂ, ಅದನ್ನು ತಿರುಗಿಸಿ ಋಣ 10 ವೋಲ್ಟನ್ನೂ ಒಳಗೇ ತಯಾರಿಸುತ್ತದೆ. ಬಾವಿಯಿಂದ ಕೊಡದಲ್ಲಿ ನೀರು ಸೇದಿ ತೊಟ್ಟಿಗೆ ಸುರಿದ ಹಾಗೆ ಈ ಚಾರ್ಜ್ ಪಂಪ್ ವಿದ್ಯುದಾವೇಶವನ್ನು ಕಂತುಕಂತಾಗಿ ಎತ್ತುತ್ತದೆ. ಪ್ರತಿ ಕಂತಿಗೂ 5 ವೋಲ್ಟಿನ ತಂತಿಯ ಮೇಲೆ ಒಂದು ಚೂಪಾದ ವಿದ್ಯುತ್ ಸ್ಪಂದನ ಬೀಳುತ್ತದೆ.

ಈಗ ಹೆಚ್ಚು ಬಳಕೆಯಲ್ಲಿರುವ ಮ್ಯಾಕ್ಸ್3232ರ ನಡೆ ಇನ್ನಷ್ಟು ಸೂಕ್ಷ್ಮ. ಅದರ ಪಂಪ್ ಎಡೆಬಿಡದೆ ಓಡುವುದಿಲ್ಲ. ಒಳಗಿನ ವೋಲ್ಟೇಜು 5.5 ಮುಟ್ಟಿದೊಡನೆ ನಿಲ್ಲುತ್ತದೆ, ಇಳಿದರೆ ಮತ್ತೆ ಓಡುತ್ತದೆ. ಆದ್ದರಿಂದ ಅದರ ನಾಯ್ಸಿಗೆ ಒಂದೇ ಆವರ್ತನವಿಲ್ಲ, ಹೊರೆ ಬದಲಾದಂತೆ ಆವರ್ತನವೂ ಬದಲಾಗುತ್ತದೆ. ಎದುರು ತುದಿಯ ರಿಸೀವರಿನ ಒಳರೋಧ 3ರಿಂದ 7 ಕಿಲೋ ಓಮ್. ಕೇಬಲ್ ಜೋಡಿಸಿದ ಕೂಡಲೇ ಪ್ರತಿ ಡ್ರೈವರಿನ ಮೇಲೆ ಒಂದೆರಡು ಮಿಲಿಆಂಪಿಯರ್ ಹೊರೆ ಬೀಳುತ್ತದೆ. ಪೂರೈಕೆಯಿಂದ ಎಳೆಯುವುದು, ಆದರ್ಶ ಲೆಕ್ಕದಲ್ಲೂ, ಅದರ ಎರಡರಷ್ಟು. ಕೇಬಲ್ ಕಳಚಿಟ್ಟು ಆಸಿಲೋಸ್ಕೋಪ್ ಹಿಡಿದು ‘ಸಪ್ಲೈ ಶುದ್ಧವಾಗಿದೆ’ ಎಂದು ಬರೆದ ವರದಿಗೆ ಬೆಲೆಯಿಲ್ಲ ಎನ್ನುವುದು ಇದಕ್ಕೇ.

ಅಳತೆಗೆ ಆಗುವ ಪೆಟ್ಟು ಎಷ್ಟು? ಎಲ್‌ಪಿಸಿ2148 ಮೈಕ್ರೋಕಂಟ್ರೋಲರಿನ 10 ಬಿಟ್ ಎಡಿಸಿಗೆ (ಅನಲಾಗ್ ವೋಲ್ಟೇಜನ್ನು ಅಂಕಿಗೆ ತಿರುಗಿಸುವ ಭಾಗ) 3.3 ವೋಲ್ಟ್ ಆಧಾರವಿದ್ದರೆ ಒಂದು ಮೆಟ್ಟಿಲು 3.2 ಮಿಲಿವೋಲ್ಟ್. ಎಲ್‌ಎಂ35 ಡಿಗ್ರಿಗೆ 10 ಮಿಲಿವೋಲ್ಟ್ ಕೊಡುತ್ತದೆ. ಸೆನ್ಸಾರ್ ಮತ್ತು ಸೀರಿಯಲ್ ಚಿಪ್ ಎರಡೂ ಒಂದೇ ಗ್ರೌಂಡ್ ಗೆರೆಯಲ್ಲಿ ಹಿಂದಿರುಗುತ್ತವೆ ಎಂದುಕೊಳ್ಳೋಣ. 10 ಸೆಂ.ಮೀ. ಉದ್ದ, ಅರ್ಧ ಮಿ.ಮೀ. ಅಗಲ, 35 ಮೈಕ್ರಾನ್ ದಪ್ಪದ ತಾಮ್ರದ ಗೆರೆಯ ರೋಧ ಸುಮಾರು 0.1 ಓಮ್. 50 ಮಿಲಿಆಂಪಿಯರ್ ಸ್ಪಂದನ ಅದರಲ್ಲಿ 5 ಮಿಲಿವೋಲ್ಟ್ ಬೀಳಿಸುತ್ತದೆ, ಅಂದರೆ ಅರ್ಧ ಡಿಗ್ರಿ. ಆದರೆ ನಿಜವಾದ ಕಾಟ ರೋಧದ್ದಲ್ಲ, ಇಂಡಕ್ಟನ್ಸಿನದು. ಅದೇ ಗೆರೆಯ ಇಂಡಕ್ಟನ್ಸ್ 100 ನ್ಯಾನೋಹೆನ್ರಿಯ ಆಸುಪಾಸು ಇರುತ್ತದೆ. ಬರೀ 10 ಮಿಲಿಆಂಪಿಯರ್ 10 ನ್ಯಾನೋಸೆಕೆಂಡಿನಲ್ಲಿ ಏರಿದರೂ 100 ಮಿಲಿವೋಲ್ಟಿನ ಮೊನೆ ಏಳುತ್ತದೆ. ತಾಮ್ರವನ್ನು ದಪ್ಪ ಮಾಡಿದರೆ ಇದು ನಿಲ್ಲುವುದಿಲ್ಲ, ವಿದ್ಯುತ್ತು ಸುತ್ತುವ ಕುಣಿಕೆಯನ್ನು ಕಿರಿದು ಮಾಡಬೇಕು. 7805 ರೆಗ್ಯುಲೇಟರಿನ ಮೇಲೆ ಭಾರ ಹಾಕುವುದೂ ವ್ಯರ್ಥ: ಏರಿಳಿತ ತಡೆಯುವ ಅದರ ಸಾಮರ್ಥ್ಯವೇ ಮೇಲಿನ ಆವರ್ತನಗಳಲ್ಲಿ ಕುಸಿಯುತ್ತದೆ.

ಮೊದಲ ಮದ್ದು ಅಗ್ಗದ್ದು. ಸೀರಿಯಲ್ ಚಿಪ್ಪಿನ ಪೂರೈಕೆಯ ಕಾಲಿಗೆ ಬರುವ ತಂತಿಯಲ್ಲಿ 10 ಓಮ್ ರೆಸಿಸ್ಟರ್ ಹಾಕಿ, ಚಿಪ್ಪಿನ ಬದಿಯಲ್ಲೇ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಇಡುವುದು. ಫಿಲ್ಟರಿನ ಅಂಚು 1.6 ಕಿಲೋಹರ್ಟ್ಸ್, 100 ಕಿಲೋಹರ್ಟ್ಸಿನಲ್ಲಿ ನಾಯ್ಸ್ ಸುಮಾರು 60 ಪಟ್ಟು ಇಳಿಯುತ್ತದೆ. 15 ಮಿಲಿಆಂಪಿಯರಿಗೆ ಕಳೆದುಕೊಳ್ಳುವುದು 0.15 ವೋಲ್ಟ್ ಮಾತ್ರ, ಮ್ಯಾಕ್ಸ್232ಕ್ಕೆ 4.5 ವೋಲ್ಟ್ ಸಾಕು. ಕೆಪಾಸಿಟರಿನ ಇನ್ನೊಂದು ಕಾಲು ಚಿಪ್ಪಿನ ಗ್ರೌಂಡ್ ಕಾಲಿಗೇ ನೇರ ಸೇರಬೇಕು. ಪಂಪಿನ ಕೆಪಾಸಿಟರುಗಳೂ ಅಲ್ಲೇ ಹತ್ತಿಕೊಂಡಿರಬೇಕು. ಸಣ್ಣ ಸಿರಾಮಿಕ್ ಕೆಪಾಸಿಟರುಗಳು ವೋಲ್ಟೇಜು ಹೇರಿದಾಗ ತಮ್ಮ ಧಾರಕತೆಯನ್ನು ಒಂದಿಷ್ಟು ಕಳೆದುಕೊಳ್ಳುತ್ತವೆ, ಅದಕ್ಕೆ ಲೆಕ್ಕದಲ್ಲಿ ಜಾಗ ಬಿಡಬೇಕು.

ರೆಸಿಸ್ಟರಿನ ಬದಲು 10 ಮೈಕ್ರೋಹೆನ್ರಿ ಕಾಯಿಲ್ ಹಾಕುವವರಿದ್ದಾರೆ. ಕಾಗದದ ಮೇಲೆ ಅದು ಉತ್ತಮ. ಆದರೆ 10 ಮೈಕ್ರೋಫ್ಯಾರಡ್ ಜೊತೆ ಸೇರಿ ಅದು 16 ಕಿಲೋಹರ್ಟ್ಸಿನಲ್ಲಿ ಅನುರಣಿಸುತ್ತದೆ. ಮ್ಯಾಕ್ಸ್3232ರ ಅಲೆದಾಡುವ ಆವರ್ತನ ಅಲ್ಲಿಗೆ ಬಂದು ಬಿದ್ದರೆ ನಾಯ್ಸ್ ತಗ್ಗುವ ಬದಲು ಹಿಗ್ಗುತ್ತದೆ. ಸುಮಾರು 1 ಓಮ್ ರೋಧವನ್ನು ಸರಣಿಯಲ್ಲಿ ಸೇರಿಸದೆ ಕಾಯಿಲ್ ಬಳಸಬಾರದು. ವಿದ್ಯಾರ್ಥಿ ಬೋರ್ಡಿಗೆ ರೆಸಿಸ್ಟರೇ ಲೇಸು ಎಂಬುದು ನನ್ನ ಖಚಿತ ಅಭಿಪ್ರಾಯ.

ಸಾಫ್ಟ್‌ವೇರಿನ ನೆರವನ್ನೂ ಪಡೆಯಬಹುದು. ಕೊನೆಯ ಬೈಟ್ ಪೂರ್ತಿ ಹೊರಹೋದ ಮೇಲೆ ಎಡಿಸಿ ಓದಿಸಿದರೆ ಬಿಟ್ಟುಗಳ ಜೊತೆ ಏಳುವ ನಾಯ್ಸ್ ತಪ್ಪುತ್ತದೆ. ಆದರೂ ಸುಮ್ಮನಿರುವ ಸಾಲಿನಲ್ಲಿ ಋಣ ವೋಲ್ಟೇಜು ಇದ್ದೇ ಇರುವುದರಿಂದ ಪಂಪ್ ಪೂರಾ ಮಲಗುವುದಿಲ್ಲ. ಅದನ್ನು ಮಲಗಿಸಬೇಕಾದರೆ ಶಟ್‌ಡೌನ್ ಕಾಲು ಇರುವ ಮ್ಯಾಕ್ಸ್3222 ಆರಿಸಬೇಕು.

ಪ್ರಯೋಗಾಲಯದ ಕೈಪಿಡಿ ಬರೆಯುವ ಅಧ್ಯಾಪಕರಲ್ಲಿ ಒಂದು ಕೋರಿಕೆ. ಎಡಿಸಿಯ ಪ್ರಯೋಗಕ್ಕೆ ಎರಡು ಕೋಷ್ಟಕ ಬರೆಸಿ: ಒಂದು ಸೀರಿಯಲ್ ಕೇಬಲ್ ಕಳಚಿದಾಗಿನದು, ಇನ್ನೊಂದು ಕೇಬಲ್ ಜೋಡಿಸಿ ದತ್ತಾಂಶ ಹರಿಯುವಾಗಿನದು. ಎರಡರ ನಡುವಿನ ವ್ಯತ್ಯಾಸಕ್ಕೂ ಅಂಕ ಕೊಡಿ.