ಮೆಕೇನ್ ಮತ್ತು ಬಲಪಂಥದ ಅನುಮಾನ: ಒಂದು ಸಮೀಕ್ಷೆ

2015ರ ಜುಲೈಯಲ್ಲಿ ಡೊನಾಲ್ಡ್ ಟ್ರಂಪ್ ಅಯೋವಾದ ಸಭೆಯೊಂದರಲ್ಲಿ ಜಾನ್ ಮೆಕೇನ್ ಅವರ ವಿಯೆಟ್ನಾಂ ಸೆರೆವಾಸವನ್ನು ಹೀಗಳೆದರು. ಮೆಕೇನ್ ಬಗ್ಗೆ ಬರೆಯುವವರಲ್ಲಿ ಹೆಚ್ಚಿನವರು ಅಂದಿನಿಂದ ಹಿಂದಿನದನ್ನೆಲ್ಲ ಆ ಒಂದು ಮಾತಿನ ಕಿಂಡಿಯಿಂದಲೇ ನೋಡುತ್ತಿದ್ದಾರೆ. ಅವರ ಪ್ರಕಾರ ಮೆಕೇನ್ ಪಕ್ಷಕ್ಕಿಂತ ಆತ್ಮಸಾಕ್ಷಿಯನ್ನು ದೊಡ್ಡದಾಗಿ ಕಂಡ ನಾಯಕ. ಅವರನ್ನು ಅನುಮಾನಿಸಿದ ಕನ್ಸರ್ವೇಟಿವ್‌ಗಳು ಟ್ರಂಪ್ ರಾಜಕಾರಣಕ್ಕೆ ನೆಲ ಹದಮಾಡಿದವರು. ಈ ಬರಹಗಳನ್ನು ಬಹುಕಾಲದಿಂದ ಓದುತ್ತ, ಪಾಠ ಹೇಳುತ್ತ ಬಂದ ನನಗೆ ಇದು ದೊಡ್ಡ ಅನ್ಯಾಯವೆನಿಸುತ್ತದೆ. ಆ ಅನುಮಾನದೊಳಗೆ ಹಲವು ಧಾರೆಗಳಿದ್ದವು. ಅವುಗಳಲ್ಲಿ ಅತ್ಯಂತ ಗಂಭೀರವಾದದ್ದನ್ನೇ ಇಂದು ಯಾರೂ ನೆನೆಯುತ್ತಿಲ್ಲ.

ಹಿನ್ನೆಲೆಯನ್ನು ಚುಟುಕಾಗಿ ಹೇಳಬಹುದು. ಪಕ್ಷಾತೀತರೆಂದು ಹೆಸರಾದ ಅಭ್ಯರ್ಥಿಗಳ ಬಗ್ಗೆ ರಿಪಬ್ಲಿಕನ್ ಬಲಪಂಥಕ್ಕೆ ಹಿಂದಿನಿಂದಲೂ ಗುಮಾನಿ. 1940ರಲ್ಲಿ ಡೆಮಾಕ್ರಟ್ ಪಕ್ಷದಿಂದ ಬಂದ ವೆಂಡೆಲ್ ವಿಲ್ಕಿ, 1952ರಲ್ಲಿ ರಾಬರ್ಟ್ ಟಾಫ್ಟ್ ಬೆಂಬಲಿಗರ ಕಣ್ಣಿಗೆ ಐಸೆನ್‌ಹೋವರ್, ಆಮೇಲೆ ರಾಕ್‌ಫೆಲರ್. 1964ರಲ್ಲಿ ಫಿಲಿಸ್ ಶ್ಲಾಫ್ಲಿ ಬರೆದ ಕಿರುಹೊತ್ತಿಗೆ ಈ ಗುಮಾನಿಗೆ ಒಂದು ಸಿದ್ಧಾಂತದ ರೂಪ ಕೊಟ್ಟಿತು: ಅಭ್ಯರ್ಥಿಯನ್ನು ಆರಿಸುವವರು ಕಾರ್ಯಕರ್ತರಲ್ಲ, ನ್ಯೂಯಾರ್ಕಿನ ಪ್ರಭಾವಿಗಳು ಎಂದು. ವಾದ ಒರಟು, ಆದರೆ ಪ್ರಭಾವ ದೀರ್ಘ.

ಮೆಕೇನ್ 1982ರಲ್ಲಿ ಕೆಳಮನೆಗೆ ಬಂದು, 1986ರಲ್ಲಿ ಬ್ಯಾರಿ ಗೋಲ್ಡ್‌ವಾಟರ್ ತೆರವು ಮಾಡಿದ ಸೆನೆಟ್ ಸ್ಥಾನವನ್ನು ಗೆದ್ದವರು. ಆಗ ಅವರ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ಕೀಟಿಂಗ್ ಹಗರಣದಲ್ಲಿ 1991ರಲ್ಲಿ ಸೆನೆಟ್‌ನ ನೀತಿ ಸಮಿತಿ ಅವರ ವಿವೇಚನೆ ಸರಿಯಿರಲಿಲ್ಲವೆಂದು ಹೇಳಿದ ನಂತರ ಅವರು ಚುನಾವಣಾ ಹಣದ ಸುಧಾರಣೆಯ ಕಡೆ ತಿರುಗಿದರು. 1995ರಿಂದ ಡೆಮಾಕ್ರಟ್ ಸೆನೆಟರ್ ರಸ್ ಫೈನ್‌ಗೋಲ್ಡ್ ಅವರ ಜೊತೆಯಾದರು. ನಿಜವಾದ ಚರ್ಚೆ ಹುಟ್ಟಿದ್ದು ಇಲ್ಲಿಂದ.

2000ದ ಫೆಬ್ರುವರಿಯಲ್ಲಿ ನ್ಯೂ ಹ್ಯಾಂಪ್‌ಶೈರ್ ಪ್ರಾಥಮಿಕ ಚುನಾವಣೆಯಲ್ಲಿ ಜಾರ್ಜ್ ಬುಷ್ ಅವರನ್ನು ಮೆಕೇನ್ ಸುಮಾರು 18 ಶೇಕಡಾ ಅಂಶಗಳ ಅಂತರದಿಂದ ಸೋಲಿಸಿದಾಗ ಬಲಪಂಥದ ಲೇಖಕರು ಎರಡು ಪಾಳಯವಾದರು. ವೀಕ್ಲಿ ಸ್ಟ್ಯಾಂಡರ್ಡ್ ಬಳಗದ ವಿಲಿಯಂ ಕ್ರಿಸ್ಟಲ್ ಮತ್ತು ಡೇವಿಡ್ ಬ್ರೂಕ್ಸ್ 1997ರಿಂದಲೇ 'ರಾಷ್ಟ್ರದ ಹಿರಿಮೆ'ಯ ಕನ್ಸರ್ವೇಟಿವ್ ನಿಲುವನ್ನು ಪ್ರತಿಪಾದಿಸುತ್ತಿದ್ದರು. ಅದಕ್ಕೆ ತಕ್ಕ ನಾಯಕ ಅವರಿಗೆ ಮೆಕೇನ್ ಅವರಲ್ಲಿ ಕಂಡ. ಇನ್ನೊಂದು ಪಾಳಯ ಗಮನಿಸಿದ್ದು ಮತಗಳ ಮೂಲವನ್ನು: ಮಿಷಿಗನ್‌ನಲ್ಲಿ ಅವರನ್ನು ಗೆಲ್ಲಿಸಿದವರು ಸ್ವತಂತ್ರ ಮತದಾರರು ಮತ್ತು ಡೆಮಾಕ್ರಟ್‌ಗಳು. ಅದಾದ ಕೆಲವೇ ದಿನಗಳಲ್ಲಿ ವರ್ಜೀನಿಯಾ ಬೀಚ್‌ನಲ್ಲಿ ಅವರು ಪ್ಯಾಟ್ ರಾಬರ್ಟ್‌ಸನ್ ಮತ್ತು ಜೆರಿ ಫಾಲ್ವೆಲ್ ಅವರನ್ನು ಅಸಹಿಷ್ಣುತೆಯ ಪ್ರತಿನಿಧಿಗಳೆಂದು ಕರೆದದ್ದರಿಂದ ಧಾರ್ಮಿಕ ಬಲಪಂಥದ ಬಾಗಿಲೂ ಮುಚ್ಚಿತು.

ನಮ್ಮ ಪೀಳಿಗೆ ಈ ಕ್ಷೇತ್ರಕ್ಕೆ ಕಾಲಿಟ್ಟದ್ದು ಆಗಲೇ. ನಮ್ಮನ್ನು ಸೆಳೆದದ್ದು ಧರ್ಮಗುರುಗಳ ಕೋಪವೂ ಅಲ್ಲ, ರೇಡಿಯೋದ ಅಬ್ಬರವೂ ಅಲ್ಲ. ಜಾರ್ಜ್ ವಿಲ್ ಅಂಕಣಗಳಲ್ಲಿ ಬೆಳೆಯುತ್ತಿದ್ದ ಸಂವಿಧಾನದ ವಾದ. ಬುಷ್ 2002ರ ಮಾರ್ಚ್‌ನಲ್ಲಿ ಸಹಿ ಹಾಕಿದ ಮೆಕೇನ್-ಫೈನ್‌ಗೋಲ್ಡ್ ಕಾಯ್ದೆಯ ಪ್ರಕಾರ, ಅಭ್ಯರ್ಥಿಯ ಹೆಸರೆತ್ತುವ ಟಿವಿ, ರೇಡಿಯೋ ಜಾಹೀರಾತುಗಳಿಗೆ ಕಂಪನಿಗಳು ಮತ್ತು ಕಾರ್ಮಿಕ ಸಂಘಗಳು ಪ್ರಾಥಮಿಕ ಚುನಾವಣೆಗೆ ಮುಂಚಿನ 30 ದಿನ, ಮುಖ್ಯ ಚುನಾವಣೆಗೆ ಮುಂಚಿನ 60 ದಿನ ತಮ್ಮ ಖಜಾನೆಯಿಂದ ಹಣ ಕೊಡುವಂತಿರಲಿಲ್ಲ. ಮತದಾರ ಕಿವಿಗೊಡುವ ಹೊತ್ತಿಗೇ ಮಾತಿಗೆ ತಡೆ ಬೀಳುತ್ತದಲ್ಲ ಎಂಬುದು ವಿಮರ್ಶಕರ ಪ್ರಶ್ನೆ. ಮಿಚ್ ಮೆಕಾನಲ್ ಕೋರ್ಟಿಗೆ ಹೋಗಿ 2003ರಲ್ಲಿ ಸೋತರು. 2010ರಲ್ಲಿ ಸಿಟಿಜನ್ಸ್ ಯುನೈಟೆಡ್ ತೀರ್ಪು 5-4ರ ಬಹುಮತದಿಂದ ಆ ನಿರ್ಬಂಧವನ್ನು ತೆಗೆದುಹಾಕಿತು. ತೀರ್ಪಿನ ಪರಿಣಾಮಗಳ ಬಗ್ಗೆ ನನಗೂ ಕಳವಳವಿದೆ. ಆದರೂ ಪ್ರಶ್ನೆ ಸಣ್ಣದಲ್ಲ, ಅದನ್ನು ಕೇಳಿದವರು ಮತಾಂಧರೂ ಅಲ್ಲ.

ಈ ಧಾರೆಯ ಅತ್ಯುತ್ತಮ ಕೃತಿ ಮ್ಯಾಟ್ ವೆಲ್ಚ್ 2007ರಲ್ಲಿ ಮೆಕೇನ್ ಕುರಿತು ಬರೆದ ಪುಸ್ತಕ. ವೆಲ್ಚ್ ಕನ್ಸರ್ವೇಟಿವ್ ಅಲ್ಲ, ಲಿಬರ್ಟೇರಿಯನ್. ಮೆಕೇನ್ ಎಷ್ಟು ಸಲ ಪಕ್ಷದ ವಿರುದ್ಧ ಮತ ಹಾಕಿದರು ಎಂದು ಅವರು ಲೆಕ್ಕ ಹಾಕುತ್ತ ಕೂರಲಿಲ್ಲ. ಅಜ್ಜ, ಅಪ್ಪ ಇಬ್ಬರೂ ಅಡ್ಮಿರಲ್‌ಗಳಾಗಿದ್ದ ಮನೆತನ, ಥಿಯೊಡೋರ್ ರೂಸ್‌ವೆಲ್ಟ್ ಮೇಲಿನ ಭಕ್ತಿ, ಸ್ವಾರ್ಥಕ್ಕಿಂತ ದೊಡ್ಡ ಧ್ಯೇಯಕ್ಕೆ ದುಡಿಯಬೇಕೆಂದು ಪದೇ ಪದೇ ಕೊಡುವ ಕರೆ, ಇವನ್ನೆಲ್ಲ ಜೋಡಿಸಿ ಓದಿದರು. ಬಂಡಾಯಗಾರನಂತೆ ಕಾಣುವ ಈ ಮನುಷ್ಯ ವಾಸ್ತವದಲ್ಲಿ ಪ್ರಭುತ್ವದ ಮೇಲೆ ಅಪಾರ ನಂಬಿಕೆಯಿಟ್ಟವನು, ಖಾಸಗಿ ಬದುಕಿನ ಸಣ್ಣ ಗುರಿಗಳನ್ನು ಅಸಹನೆಯಿಂದ ನೋಡುವವನು ಎಂದು ತೋರಿಸಿದರು. ಈ ಓದಿನಲ್ಲಿ ಚುನಾವಣಾ ಕಾಯ್ದೆಯೂ ಇರಾಕ್ ಯುದ್ಧವೂ ಒಂದೇ ಮನೋಧರ್ಮದಿಂದ ಬಂದಂಥವು. ಇದಕ್ಕಿಂತ ಆಳವಾದ ವಿವರಣೆಯನ್ನು ನಾನು ಬೇರೆಡೆ ಓದಿಲ್ಲ.

2008ರ ರೇಡಿಯೋ ಧಾರೆಗೆ ಹೆಚ್ಚು ಜಾಗ ಬೇಡ. ರಶ್ ಲಿಂಬಾ ದಿನವೂ ಟೀಕಿಸಿದರು, ಜೇಮ್ಸ್ ಡಾಬ್ಸನ್ ಮತ ಹಾಕುವುದಿಲ್ಲವೆಂದರು, ಫೆಬ್ರುವರಿ 7ರಂದು ಕನ್ಸರ್ವೇಟಿವ್‌ಗಳ ವಾರ್ಷಿಕ ಸಮಾವೇಶದಲ್ಲಿ ವಲಸೆಯ ಮಾತು ಬಂದಾಗ ಸಭೆ ಕೂಗಾಡಿತು. ಕೆನಡಿ ಜೊತೆಗಿನ ವಲಸೆ ಮಸೂದೆ, ನ್ಯಾಯಾಧೀಶರ ನೇಮಕದಲ್ಲಿ 14 ಸೆನೆಟರ್‌ಗಳ ಒಪ್ಪಂದ ಅವರ ಸಿಟ್ಟಿಗೆ ಕಾರಣ. ಆದರೆ ಮೆಕೇನ್ ಎಡಪಂಥೀಯ ಎಂಬ ಅವರ ವಾದ ಗರ್ಭಪಾತ, ರಕ್ಷಣೆ, ಕ್ಲಿಂಟನ್ ಮಹಾಭಿಯೋಗದ ಮತಗಳೆದುರು ನಿಲ್ಲುವುದಿಲ್ಲ. ತೆರಿಗೆಯ ವಿಷಯದಲ್ಲಿ ಮಾತ್ರ ಅವರು ಹಿಡಿದ ಎಳೆ ಸರಿಯಾಗಿತ್ತು. 2001ರಲ್ಲಿ ಲಾಭ ಸಿರಿವಂತರಿಗೇ ಹೋಗುತ್ತದೆಂದು ತೆರಿಗೆ ಕಡಿತವನ್ನು ವಿರೋಧಿಸಿದ್ದ ಮೆಕೇನ್, 2008ರ ಹೊತ್ತಿಗೆ ಖರ್ಚಿಗೆ ಕಡಿವಾಣವಿಲ್ಲದ್ದೇ ಕಾರಣವಾಗಿತ್ತು ಎನ್ನತೊಡಗಿದ್ದರು.

ಈ ಸಾಹಿತ್ಯದಲ್ಲಿ ಎರಡು ಕೊರತೆಗಳು ಎದ್ದು ಕಾಣುತ್ತವೆ. ಅರಿಝೋನಾ ರಿಪಬ್ಲಿಕನ್ ಪಕ್ಷವೇ 2014ರ ಜನವರಿಯಲ್ಲಿ ಅವರನ್ನು ಖಂಡಿಸಿ ನಿರ್ಣಯ ಮಾಡಿತು. ಅವರಿಗೆ ಸಲಸಲವೂ ಮತ ಕೇಳಿದ ಅಲ್ಲಿನ ಕಾರ್ಯಕರ್ತರ ಅನುಭವಕ್ಕಿಂತ ವಾಷಿಂಗ್ಟನ್ ಅಂಕಣಕಾರರ ಅಭಿಪ್ರಾಯಕ್ಕೇ ನಾವು ಹೆಚ್ಚು ಬೆಲೆ ಕೊಟ್ಟಿದ್ದೇವೆ. ಇನ್ನೊಂದು, ಯುದ್ಧ ಬೇಡವೆಂದ ಬಲಪಂಥ. ಪ್ಯಾಟ್ ಬುಕಾನನ್ ಮತ್ತಿತರರು 2002ರಲ್ಲಿ ಆರಂಭಿಸಿದ ಅಮೆರಿಕನ್ ಕನ್ಸರ್ವೇಟಿವ್ ಪತ್ರಿಕೆ, 2008ರ ರಾನ್ ಪಾಲ್ ಪ್ರಚಾರ ಅಡಿಟಿಪ್ಪಣಿಗಳಲ್ಲೇ ಉಳಿದಿವೆ. ಅದಕ್ಕೂ ಹಿಂದೆ, 1999ರ ಏಪ್ರಿಲ್‌ನಲ್ಲಿ ಕೊಸೊವೊ ವಾಯುದಾಳಿಯನ್ನು ಬೆಂಬಲಿಸುವ ನಿರ್ಣಯ ಕೆಳಮನೆಯಲ್ಲಿ 213-213 ಸಮಮತದಿಂದ ಬಿದ್ದುಹೋಗಿತ್ತು. ಬೇಡವೆಂದವರಲ್ಲಿ ಬಹುಪಾಲು ರಿಪಬ್ಲಿಕನ್ನರು. ಮರುವಾರವೇ ಸೆನೆಟ್, ಅಗತ್ಯ ಬಿದ್ದಷ್ಟು ಬಲ ಬಳಸಲು ಅನುಮತಿ ಕೊಡಬೇಕೆಂಬ ಮೆಕೇನ್ ನಿರ್ಣಯವನ್ನು 78-22ರಿಂದ ಬದಿಗಿಟ್ಟಿತು. ಆ ಎರಡೂ ಚರ್ಚೆಗಳ ನಡಾವಳಿ ಕಾಂಗ್ರೆಸ್ ದಾಖಲೆಯಲ್ಲಿದೆ. ಅಂದು ಬೇಡವೆಂದ ರಿಪಬ್ಲಿಕನ್ನರಲ್ಲಿ ಎಷ್ಟು ಮಂದಿ 2003ರಲ್ಲಿ ಇರಾಕ್ ಯುದ್ಧಕ್ಕೆ ಮೌನವಾದರು, ಎಷ್ಟು ಮಂದಿ 2008ರಲ್ಲಿ ಮೆಕೇನ್ ಪರ ಪ್ರಚಾರಕ್ಕೆ ಹೋದರು ಎಂಬುದನ್ನು ಹೆಸರು ಹೆಸರಾಗಿ ಹಿಂಬಾಲಿಸುವ ಕೆಲಸ ಮೊದಲು ಆಗಬೇಕು.