ಹುಳುವಿಗೂ ಒಂದು ಪಂಕ್ತಿ

“ಊಟ ತನ್ನಿಚ್ಛೆ, ನೋಟ ಪರರಿಚ್ಛೆ” ಎಂಬುದು ನಮ್ಮ ಹಿರಿಯರ ಗಾದೆ. ಆಹಾರದ ಚರಿತ್ರೆಯನ್ನು ಓದುತ್ತ ಹೋದಂತೆ ಇದರ ಮೊದಲರ್ಧ ಪೂರ್ತಿ ನಿಜವಲ್ಲವೆಂದು ನನಗೆ ತೋರುತ್ತದೆ. ನಾವು ಉಣ್ಣುವುದೂ ಬಹುಮಟ್ಟಿಗೆ ಪರರ ನೋಟಕ್ಕೆ ಅಂಜಿಕೊಂಡೇ. ಕೀಟಗಳು ಆಹಾರವಾಗಿ ಮಾರುಕಟ್ಟೆಗೆ ಬಂದ ಕಥೆ ಇದಕ್ಕೆ ಒಳ್ಳೆಯ ನಿದರ್ಶನ.

1885ರಲ್ಲಿ ಲಂಡನ್ನಿನಲ್ಲಿ ವಿನ್ಸೆಂಟ್ ಹೋಲ್ಟ್ ಎಂಬಾತ ‘ಕೀಟಗಳನ್ನು ಏಕೆ ತಿನ್ನಬಾರದು?’ ಎಂಬ ಅರ್ಥದ ಹೆಸರಿನ ಕಿರುಹೊತ್ತಗೆಯೊಂದನ್ನು ಪ್ರಕಟಿಸಿದ. ಕಡಲತಳದ ಕೊಳಕನ್ನು ತಿಂದು ಬದುಕುವ ಲಾಬ್‌ಸ್ಟರ್ ಶ್ರೀಮಂತರ ಮೇಜಿನ ಭೂಷಣವಾಗಿರುವಾಗ, ಹಸಿರೆಲೆ ತಿಂದು ಬೆಳೆಯುವ ಹುಳು ಹೇಗೆ ಹೇಸಿಗೆಯಾದೀತು ಎಂಬುದು ಅವನ ಪ್ರಶ್ನೆ. ಪೈರನ್ನು ಹಾಳುಮಾಡುವ ಕೀಟಗಳನ್ನು ಹಿಡಿದು ತಿಂದರೆ ಬೆಳೆಯೂ ಉಳಿಯುತ್ತದೆ, ಬಡವರ ಹೊಟ್ಟೆಯೂ ತುಂಬುತ್ತದೆ ಎಂದು ಅವನು ವಾದಿಸಿದ. ಕೊನೆಗೆ ಭೋಜನದ ಪಟ್ಟಿಯನ್ನೂ ಕೊಟ್ಟ. ತರ್ಕ ಗಟ್ಟಿಯಾಗಿಯೇ ಇತ್ತು. ಆದರೆ ಇಂಗ್ಲೆಂಡಿನ ಅಡುಗೆಮನೆಗಳು ಬದಲಾಗಲಿಲ್ಲ.

ಹೋಲ್ಟನ ವಾದದಿಂದ ಆಗದ ಕೆಲಸ ಸುಮಾರು ಒಂದು ಶತಮಾನದ ಬಳಿಕ ಥಾಯ್ಲೆಂಡಿನಲ್ಲಿ ಬೇರೆ ರೀತಿಯಲ್ಲಿ ನಡೆಯಿತು. 1970ರ ದಶಕದಲ್ಲಿ ಅಲ್ಲಿನ ಮೆಕ್ಕೆಜೋಳದ ಹೊಲಗಳಿಗೆ ಮಿಡತೆಗಳು ಮುತ್ತಿದವು. ವಿಮಾನದಿಂದ ಔಷಧ ಸಿಂಪಡಿಸಿದರೂ ಪ್ರಯೋಜನವಾಗಲಿಲ್ಲ. ಆಗ, 1978ರಿಂದ 1981ರವರೆಗೆ, ಮಿಡತೆಗಳನ್ನು ಹಿಡಿದು ತಿನ್ನುವಂತೆ ಪ್ರಚಾರ ನಡೆಯಿತು. ಎಣ್ಣೆಯಲ್ಲಿ ಗರಿಗರಿಯಾಗಿ ಕರಿದ ಮಿಡತೆ ಎಷ್ಟು ಜನಪ್ರಿಯವಾಯಿತೆಂದರೆ, ಅದಕ್ಕೆ ಮೇವಾಗಲೆಂದೇ ಮೆಕ್ಕೆಜೋಳ ಬಿತ್ತಿದ ರೈತರೂ ಇದ್ದರಂತೆ! ಈಶಾನ್ಯದ ಈಸಾನ್ ಪ್ರಾಂತದವರಿಗಂತೂ ಹುಳುಗಳ ರುಚಿ ಹೊಸದೇನಲ್ಲ. ಅಲ್ಲಿಂದ ಕೂಲಿ ಅರಸಿ ಬ್ಯಾಂಕಾಕಿಗೆ ಬಂದವರೊಡನೆ ಆ ರುಚಿಯೂ ಪಟ್ಟಣ ಸೇರಿತು.

ಆದರೆ ಕಾಡುಮೇಡಿನಲ್ಲಿ ಹಿಡಿದು ತಂದದ್ದು ಋತುವಿಗೆ ಮಾತ್ರ ಸಿಗುತ್ತದೆ. ವ್ಯಾಪಾರಕ್ಕೆ ವರ್ಷವಿಡೀ ಸರಕು ಬೇಕು. 1998ರಲ್ಲಿ ಖೋನ್ ಕೇನ್ ವಿಶ್ವವಿದ್ಯಾಲಯದ ಕೀಟವಿಜ್ಞಾನಿಗಳು ಚಿಮ್ಮಂಡೆಗಳನ್ನು, ಅಂದರೆ ರಾತ್ರಿಯೆಲ್ಲ ಚಿರ್‌ಗುಟ್ಟುವ ಮಿಡತೆಯ ಬಳಗದ ಹುಳುಗಳನ್ನು, ಸಾಕುವ ವಿಧಾನವನ್ನು ರೈತರಿಗೆ ಕಲಿಸತೊಡಗಿದರು. ವಿಧಾನ ಸುಲಭ. ಸಿಮೆಂಟಿನ ತೊಟ್ಟಿಯಲ್ಲಿ ಮೊಟ್ಟೆ ಇಡುವ ರಟ್ಟಿನ ತಟ್ಟೆಗಳನ್ನು ಜೋಡಿಸಿದರೆ ಹುಳುಗಳಿಗೆ ಅಡಗುದಾಣ. ತೇವಗೊಳಿಸಿದ ಭತ್ತದ ಹೊಟ್ಟು ತುಂಬಿದ ಬಟ್ಟಲುಗಳಲ್ಲಿ ಅವು ಮೊಟ್ಟೆಯಿಡುತ್ತವೆ. ಕೋಳಿಯ ಆಹಾರವೇ ಮೇವು. ಕಟಾವಿಗೆ ಕೆಲವು ದಿನ ಮುನ್ನ ಅದನ್ನು ನಿಲ್ಲಿಸಿ ಕುಂಬಳ, ಸೊಪ್ಪು ಕೊಡುತ್ತಾರೆ. ಇದರಿಂದ ಖರ್ಚೂ ಕಡಿಮೆ, ರುಚಿಯೂ ಹೆಚ್ಚು. ಸುಮಾರು 45 ದಿನಗಳಲ್ಲಿ ಫಸಲು ಕೈಗೆ ಬರುತ್ತದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಪ್ರಕಟಿಸಿದ ವರದಿಯಂತೆ, ಅಲ್ಲಿ ಸುಮಾರು 20,000 ಸಾಕಣೆದಾರರಿದ್ದರು. ವರ್ಷದ ಸರಾಸರಿ ಉತ್ಪಾದನೆ ಸುಮಾರು 7,500 ಟನ್. 2017ರಲ್ಲಿ ಸರ್ಕಾರ ಈ ಸಾಕಣೆಗೆ ಗುಣಮಟ್ಟದ ನಿಯಮಗಳನ್ನೂ ರೂಪಿಸಿತು.

ಈಗ ನಮ್ಮ ದೇಶದತ್ತ ಬರೋಣ. ಒಡಿಶಾದ ಮಯೂರ್‌ಭಂಜ್ ಜಿಲ್ಲೆಯ ಆದಿವಾಸಿಗಳು ಕೆಂಪಿರುವೆಗಳನ್ನು ಉಪ್ಪು, ಶುಂಠಿ, ಬೆಳ್ಳುಳ್ಳಿ, ಮೆಣಸಿನಕಾಯಿಯೊಡನೆ ಅರೆದು ‘ಕಾಯಿ ಚಟ್ನಿ’ ಮಾಡುತ್ತಾರೆ. ನಮ್ಮ ಮಲೆನಾಡಿನ ಚಗಳಿ ಚಟ್ನಿ ಇದರ ಸೋದರಿಯೇ. ನಾನು ಮಲೆನಾಡಿನ ಪ್ರೌಢಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ, ಕಾಡಂಚಿನ ಹಾಡಿಯಿಂದ ಬರುತ್ತಿದ್ದ ಹುಡುಗನೊಬ್ಬ ಬುತ್ತಿಯ ಮುಚ್ಚಳವನ್ನು ಅರ್ಧವೇ ಸರಿಸಿ, ಗೋಡೆಗೆ ಮುಖಮಾಡಿ ಉಣ್ಣುತ್ತಿದ್ದ. ಚಟ್ನಿಯಲ್ಲಿ ಏನೂ ದೋಷವಿರಲಿಲ್ಲ. ಸುತ್ತಲಿನ ಕಣ್ಣುಗಳು ಅವನನ್ನು ಹಾಗೆ ಕೂರಿಸಿದ್ದವು. 2024ರ ಜನವರಿಯಲ್ಲಿ ಸಿಮ್ಲಿಪಾಲದ ಕಾಯಿ ಚಟ್ನಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತ ಸುದ್ದಿ ಓದಿದಾಗ ನನಗೆ ನೆನಪಾದವನು ಆ ಹುಡುಗ.

ಯೂರೋಪು ಇನ್ನೊಂದು ದಾರಿ ಹಿಡಿದಿದೆ. ಐರೋಪ್ಯ ಒಕ್ಕೂಟ 2021ರಲ್ಲಿ ಒಣಗಿಸಿದ ಹಳದಿ ಹಿಟ್ಟುಹುಳುವನ್ನು ಹೊಸ ಆಹಾರವೆಂದು ಮಾನ್ಯ ಮಾಡಿತು; ಸಿಂಗಾಪುರ 2024ರಲ್ಲಿ 16 ಬಗೆಯ ಕೀಟಗಳಿಗೆ ಅನುಮತಿ ನೀಡಿತು. ಹುಳುವನ್ನು ಪುಡಿಮಾಡಿ ಬ್ರೆಡ್ಡು, ಬಿಸ್ಕತ್ತುಗಳಲ್ಲಿ ಕಾಣದಂತೆ ಬೆರೆಸುವುದು ಅಲ್ಲಿನ ಉಪಾಯಗಳಲ್ಲೊಂದು. ಸಿಗಡಿ ಒಗ್ಗದವರಿಗೆ ಕೀಟಗಳೂ ಒಗ್ಗದೆ ಹೋಗಬಹುದಾದ್ದರಿಂದ, ಏನು ಬೆರೆಸಿದೆಯೆಂಬುದನ್ನು ಪೊಟ್ಟಣದ ಮೇಲೆ ಬರೆಯಲೇಬೇಕು. ಕಣ್ಣಿಗೆ ಮರೆಯಾದ ಹುಳು ಅಕ್ಷರದಲ್ಲಿ ಮರಳಿ ಕಾಣಿಸಿಕೊಳ್ಳುತ್ತದೆ. ಥಾಯ್ಲೆಂಡಿನ ರಾತ್ರಿಸಂತೆಯಲ್ಲಾದರೋ ಇಡಿಯ ಹುಳುವೇ ಮೆಣಸಿನಪುಡಿ ಸವರಿಕೊಂಡು ಗಿರಾಕಿಯನ್ನು ಕರೆಯುತ್ತದೆ.

ಎಲ್ಲರೂ ಹುಳು ತಿನ್ನಬೇಕೆಂದು ನಾನು ಹೇಳುತ್ತಿಲ್ಲ, ನಾನು ಸಸ್ಯಾಹಾರಿ. ಆದರೆ ಜಗತ್ತಿಗೆ ಈ ಆಹಾರವನ್ನು ಒಪ್ಪಿಸಲು ವಿಜ್ಞಾನಿಗಳು, ಕಂಪನಿಗಳು ಇಂದು ಪಡುತ್ತಿರುವ ಪಾಡು ನೋಡಿದಾಗ ಒಂದು ಮಾತು ಹೇಳಬೇಕೆನಿಸುತ್ತದೆ: ಇದನ್ನು ಮೊದಲೇ ಬಲ್ಲವರು ನಮ್ಮ ನಡುವೆಯೇ ಇದ್ದಾರೆ. ಅವರು ಬುತ್ತಿಯ ಮುಚ್ಚಳವನ್ನು ಪೂರ್ತಿ ತೆರೆದು ಉಣ್ಣುವಂತಾದರೆ, ಅದೇ ಮೊದಲ ಒಪ್ಪಿಗೆ.