ಹತ್ತಿ ಹೊಲದ ಕಣಜಕ್ಕೆ ಎರಡು ಹೆಸರು

ಕನ್ನಡದಲ್ಲಿ ಕಣಜ ಎಂದರೆ ಧಾನ್ಯ ತುಂಬಿಡುವ ಜಾಗವೂ ಹೌದು, ಕುಟುಕುವ ಹುಳುವೂ ಹೌದು. ಹುಳುವಿನ ಜಾತಿಯ ಕಣಜಗಳಲ್ಲಿ ಬಹುಪಾಲು ಮನುಷ್ಯನನ್ನು ಕುಟುಕುವುದೇ ಇಲ್ಲ. ಎಳ್ಳುಕಾಳಿಗಿಂತಲೂ ಚಿಕ್ಕದಾದ ಇವು ಬೇರೆ ಕೀಟಗಳ ಒಡಲಲ್ಲಿ ಮೊಟ್ಟೆಯಿಟ್ಟು ವಂಶ ಬೆಳೆಸುತ್ತವೆ. ಇಂಥದೊಂದು ಕಣಜಕ್ಕೆ ಭಾರತದಲ್ಲಿ 2009ರಲ್ಲಿ ಹೊಸ ಹೆಸರು ಇಡಲಾಯಿತು. ಐದೇ ವರ್ಷಗಳಲ್ಲಿ ಆ ಹೆಸರು ರದ್ದಾಯಿತು. ಇದು ಬರೀ ವಿಜ್ಞಾನಿಗಳ ಕಡತದ ವಿಷಯವೆಂದು ತಳ್ಳಿಹಾಕುವಂತಿಲ್ಲ, ಹತ್ತಿ ಬೆಳೆಗಾರನ ಸಾಲಸೋಲಕ್ಕೂ ಇದಕ್ಕೂ ನಂಟಿದೆ.

2005ರ ಸುಮಾರಿಗೆ ಪಾಕಿಸ್ತಾನದ ಹತ್ತಿ ಹೊಲಗಳಲ್ಲಿ ಗಿಡದ ಕಾಂಡಕ್ಕೆ ಮೈದಾ ಹಿಟ್ಟು ಸುರಿದಂತೆ ಬಿಳಿಯ ಕೀಟಗಳು ಮುತ್ತಿಕೊಂಡವು. ಅದೇ ಹೊತ್ತಿಗೆ ಗುಜರಾತಿನಲ್ಲೂ ಕಾಣಿಸಿಕೊಂಡ ಈ ಹಿಟ್ಟು ತಿಗಣೆ 2007ರಲ್ಲಿ ಪಂಜಾಬಿನ ಹತ್ತಿಯನ್ನು ಒಣಗಿಸಿತು. ಭಾರತದಲ್ಲಿ 2002ರಿಂದ ಬಂದಿದ್ದ ಬಿಟಿ ಹತ್ತಿ ಕಾಯಿಕೊರಕದ ವಿರುದ್ಧ ರೂಪಿಸಿದ್ದು. ರಸ ಹೀರುವ ತಿಗಣೆಗೆ ಅದರ ವಿಷ ತಟ್ಟುವುದಿಲ್ಲ. ಮೈಮೇಲೆ ಮೇಣದ ಹೊದಿಕೆ ಇರುವುದರಿಂದ ಸಿಂಪಡಿಸಿದ ಔಷಧಿಯೂ ಸುಲಭಕ್ಕೆ ಒಳಗಿಳಿಯದು. ರೈತರು ಮತ್ತೆ ಮತ್ತೆ ಔಷಧಿ ಹೊಡೆದರು, ದುಡ್ಡು ಖರ್ಚಾಯಿತು. ತಿಗಣೆ ಮಾತ್ರ ಕಾಂಗ್ರೆಸ್ ಹುಲ್ಲಿನ ಮೇಲೆ, ಬೇಲಿಯ ಕಳೆಗಳ ಮೇಲೆ ಆರಾಮವಾಗಿ ಉಳಿದುಕೊಂಡು ಮುಂದಿನ ಹಂಗಾಮಿಗೆ ಹೊಲಕ್ಕೆ ಮರಳುತ್ತಿತ್ತು.

ಇದು ಯಾವ ತಿಗಣೆ? ಮೊದಲ ತೊಡಕು ಎದುರಾದದ್ದು ಇಲ್ಲಿಯೇ. ಪಾಕಿಸ್ತಾನದಲ್ಲಿ ಇದನ್ನು ಹೊಸ ಪ್ರಭೇದವೆಂದು ಬಗೆದು ಹತ್ತಿಯ ಹೆಸರೇ ಸೇರಿಕೊಂಡ ಹೊಸ ಹೆಸರೊಂದನ್ನು ಬಳಸತೊಡಗಿದ್ದರು. ಬ್ರಿಟನ್ನಿನ ಕ್ರಿಸ್ ಹಾಡ್ಜ್‌ಸನ್ ಮತ್ತು ಪಾಕಿಸ್ತಾನದ ವಿಜ್ಞಾನಿಗಳು ಕೂಡಿ 2008ರಲ್ಲಿ ಪರಿಶೀಲಿಸಿದಾಗ ಇದು ಫೀನಕಾಕಸ್ ಸೊಲೆನಾಪ್ಸಿಸ್ ಎಂಬ ಹಳೆಯ ಪರಿಚಿತನೇ ಎಂದು ತಿಳಿಯಿತು. 1898ರಲ್ಲಿ ಟಿನ್ಸ್‌ಲಿ ಎಂಬ ವಿಜ್ಞಾನಿ ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ, ಇರುವೆಗಳ ಗೂಡಿನಲ್ಲಿ ಸಿಕ್ಕ ಕೀಟಕ್ಕೆ ಇಟ್ಟ ಹೆಸರದು. ಸೊಲೆನಾಪ್ಸಿಸ್ ಎಂಬುದು ಆ ಇರುವೆಯ ಕುಲನಾಮ. ಭಾರತದ ಒಂಬತ್ತು ಹತ್ತಿ ಬೆಳೆಯುವ ರಾಜ್ಯಗಳಲ್ಲಿ ನಡೆದ ಸಮೀಕ್ಷೆಯಲ್ಲೂ ಹೆಚ್ಚಾಗಿ ಸಿಕ್ಕಿದ್ದು ಈ ಅಮೆರಿಕದ ತಿಗಣೆಯೇ. ಆ ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕವೂ ಇತ್ತು.

ಈ ನಡುವೆ ಹೊಲಗಳಲ್ಲಿ ಇನ್ನೊಂದು ಬದಲಾವಣೆ ಕಾಣಿಸಿತು. ಬಿಳಿಯ ತಿಗಣೆಗಳ ನಡುನಡುವೆ ಕೆಲವು ಕಂದು ಬಣ್ಣಕ್ಕೆ ತಿರುಗಿ, ಪುಟ್ಟ ಪೀಪಾಯಿಯಂತೆ ಉಬ್ಬಿ, ತೊಗಲಿನಂತೆ ಗಟ್ಟಿಯಾಗಿದ್ದವು. ಕೀಟಶಾಸ್ತ್ರಜ್ಞರು ಇವನ್ನು ಮಮ್ಮಿ ಎನ್ನುತ್ತಾರೆ. ಕೆಲವು ದಿನಗಳ ಬಳಿಕ ಮಮ್ಮಿಯ ಒಂದು ತುದಿಯಲ್ಲಿ ದುಂಡನೆಯ ತೂತು ಕೊರೆದು ಸುಮಾರು ಎರಡು ಮಿಲಿಮೀಟರ್ ಉದ್ದದ ಕಪ್ಪು ಕಣಜ ಹೊರಬರುತ್ತಿತ್ತು. ತಾಯಿ ಕಣಜ ಬೆಳೆಯುತ್ತಿರುವ ತಿಗಣೆಯ ಮರಿಯನ್ನು ಮೀಸೆಯಿಂದ ತಡಕಿ ನೋಡಿ, ಅದರ ಒಡಲಿಗೆ ಮೊಟ್ಟೆ ಇಳಿಸುತ್ತದೆ. ಒಂದು ತಿಗಣೆಯಿಂದ ಹೊರಬರುವುದು ಒಂದೇ ಕಣಜ. ಒಳಗಿನ ಹುಳು ಆಶ್ರಯದಾತನನ್ನು ಪೂರಾ ತಿಂದು ಮುಗಿಸುತ್ತದೆ. ಆಶ್ರಯದಾತ ಎನ್ನುವ ಮರ್ಯಾದೆಯ ಮಾತು ಇಲ್ಲಿ ಎಷ್ಟು ಸರಿಯೋ!

ನವದೆಹಲಿಯ ರಾಷ್ಟ್ರೀಯ ಸಮಗ್ರ ಕೀಟ ನಿರ್ವಹಣಾ ಕೇಂದ್ರದ ವಿಜ್ಞಾನಿಗಳ ಗಮನಕ್ಕೆ 2008ರಲ್ಲಿ ಬಂದ ಈ ಕಣಜವನ್ನು ಗುರುತಿಸುವ ಕೆಲಸ ಆಲಿಗಢ ಮುಸ್ಲಿಂ ವಿಶ್ವವಿದ್ಯಾಲಯದ ಮೊಹಮ್ಮದ್ ಹಯಾತ್ ಅವರ ಪಾಲಿಗೆ ಬಂತು. ಎನ್‌ಸಿರ್ಟಿಡೇ ಎಂಬ ಈ ಕುಟುಂಬದ ಭಾರತೀಯ ಕಣಜಗಳ ಬಗ್ಗೆ 2006ರಲ್ಲಿ ದೊಡ್ಡ ಗ್ರಂಥವನ್ನೇ ಬರೆದವರು ಅವರು.

ಎರಡು ಮಿಲಿಮೀಟರಿನ ಜೀವಿಯನ್ನು ವರ್ಣಿಸುವುದೆಂದರೆ ಹೇಗೆ? ಸಾಮಾನ್ಯವಾಗಿ ಇಂಥ ಕೀಟದ ಮೈಯನ್ನು ಕ್ಷಾರದ ದ್ರಾವಣದಲ್ಲಿ ತಿಳಿಗೊಳಿಸಿ, ಮೀಸೆ, ರೆಕ್ಕೆ, ಕಾಲುಗಳನ್ನು ಬಿಡಿಸಿ, ಗಾಜಿನ ಪಟ್ಟಿಯ ಮೇಲೆ ಕೆನಡಾ ಬಾಲ್ಸಂ ಎಂಬ ಅಂಟಿನಲ್ಲಿ ಕೂರಿಸುತ್ತಾರೆ. ಬಳಿಕ ಸೂಕ್ಷ್ಮದರ್ಶಕದ ಕೆಳಗೆ ಅಳತೆ. ಮೀಸೆಯ ಪ್ರತಿಯೊಂದು ಗಣ್ಣು ಅಗಲಕ್ಕಿಂತ ಎಷ್ಟು ಉದ್ದ, ಕಣ್ಣುಗಳ ನಡುವಿನ ಅಂತರವೆಷ್ಟು, ತಲೆಯ ಮೇಲಿನ ಗುಳಿಗಳು ಆಳವೋ ಅಲ್ಲವೋ ಎಂಬುದನ್ನೆಲ್ಲ ಬರೆದಿಡಬೇಕು. ಒಂದು ಮಾದರಿಯನ್ನು ಮೂಲಮಾದರಿ ಎಂದು ಸಾರಿ ಸಂಗ್ರಹಾಲಯದಲ್ಲಿ ಕಾಪಿಡಬೇಕು. ಮುಂದೆ ಎಂದಾದರೂ ತಕರಾರು ಬಂದರೆ ಸಾಕ್ಷಿ ಹೇಳುವುದು ಅದೇ. ಎಲ್ಲಕ್ಕಿಂತ ಕಷ್ಟದ ಕೆಲಸವೆಂದರೆ ಇಂಥದನ್ನು ಹಿಂದೆ ಯಾರೂ, ಯಾವ ದೇಶದಲ್ಲೂ ವರ್ಣಿಸಿಲ್ಲವೆಂದು ಖಾತ್ರಿ ಮಾಡಿಕೊಳ್ಳುವುದು.

ಹಯಾತ್ ಅವರು 2009ರಲ್ಲಿ ಈ ಕಣಜವನ್ನು ಹೊಸ ಪ್ರಭೇದವೆಂದು ಪ್ರಕಟಿಸಿದರು. ಆ ಸಂಶೋಧನಾ ಕೇಂದ್ರದ ಅಂದಿನ ನಿರ್ದೇಶಕ ಬಾಂಬಾವಾಲೆ ಅವರ ಗೌರವಾರ್ಥ ಈನೇಸಿಯಸ್ ಬಾಂಬಾವಾಲೈ ಎಂದು ಹೆಸರಿಟ್ಟರು. ಕುಲನಾಮ ಈನೇಸಿಯಸ್ ಹಳೆಯದು, 1846ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ವಾಕರ್ ಕೊಟ್ಟದ್ದು. ಭಾರತ, ಪಾಕಿಸ್ತಾನಗಳ ಸಂಶೋಧನಾ ಪ್ರಬಂಧಗಳಲ್ಲಿ ಹೊಸ ಹೆಸರು ಬೇಗನೆ ನೆಲೆಯೂರಿತು.

ಆದರೆ ಅಮೆರಿಕದ ಹಳೆಯ ದಾಖಲೆಗಳಲ್ಲಿ ಇನ್ನೊಂದು ಹೆಸರು ಮಲಗಿತ್ತು. ಅದನ್ನು ಇಟ್ಟವನು ಅಲೆಕ್ಸಾಂಡರ್ ಆರ್ಸೀನ್ ಜಿರಾ. 1884ರಲ್ಲಿ ಅಮೆರಿಕದಲ್ಲಿ ಹುಟ್ಟಿ ಬದುಕಿನ ಬಹುಭಾಗವನ್ನು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಕಳೆದ ಈತ ಮೂರು ಸಾವಿರಕ್ಕೂ ಹೆಚ್ಚು ಕೀಟಗಳನ್ನು ವರ್ಣಿಸಿದ. ಷೇಕ್ಸ್‌ಪಿಯರ್, ಗಯಟೆಯರ ಹೆಸರನ್ನೂ ಕಣಜಗಳಿಗೆ ಇಟ್ಟ. ಮೇಲಧಿಕಾರಿಗಳೊಡನೆ ಹೊಂದಿಕೆಯಾಗದೆ ಎಷ್ಟೋ ವರ್ಣನೆಗಳನ್ನು ಸ್ವಂತ ಖರ್ಚಿನ ಕಿರುಹೊತ್ತಿಗೆಗಳಲ್ಲಿ ಅಚ್ಚು ಹಾಕಿಸಿದ. ಇಲಿಂಗ್‌ವರ್ತ್ ಎಂಬ ಸಹೋದ್ಯೋಗಿಯನ್ನು ಗೇಲಿ ಮಾಡಲು 1920ರಲ್ಲಿ ಅಸ್ತಿತ್ವದಲ್ಲೇ ಇಲ್ಲದ ಕೀಟವೊಂದನ್ನು ವರ್ಣಿಸಿ ಶಿಲಿಂಗ್ಸ್‌ವರ್ತಿಯಾ ಎಂದು ಕರೆದ. 1941ರಲ್ಲಿ ಅವನು ಕಣ್ಣುಮುಚ್ಚಿದ್ದು ಮಾನಸಿಕ ಆಸ್ಪತ್ರೆಯಲ್ಲಿ. ಅವನ ವರ್ಣನೆಗಳು ಚುಟುಕು, ಮಾದರಿಗಳು ಹಲವು ಬಾರಿ ಗಾಜಿನ ಮೇಲೆ ಅಪ್ಪಚ್ಚಿಯಾದ ಚೂರುಗಳು. ಅವನ್ನು ಬಿಡಿಸಿ ಓದುವುದಕ್ಕೇ ಮುಂದಿನ ತಲೆಮಾರಿನ ವಿಜ್ಞಾನಿಗಳು ಬಹಳ ಬೆವರು ಸುರಿಸಬೇಕಾಯಿತು.

ನಡುವೆ ಕೆಲಕಾಲ ಅಮೆರಿಕಕ್ಕೆ ಮರಳಿದ್ದಾಗ, 1915ರಲ್ಲಿ, ಜಿರಾ ಅರಿಜೋನಾ ರಾಜ್ಯದ ಹೆಸರಿನಲ್ಲಿ ಒಂದು ಕಣಜವನ್ನು ವರ್ಣಿಸಿದ್ದ. ಅವನು ಅದನ್ನು ಸೇರಿಸಿದ್ದು ಬೇರೊಂದು ಕುಲಕ್ಕೆ. 2014ರಲ್ಲಿ ಇರಾನಿನ ಎನ್‌ಸಿರ್ಟಿಡೇ ಕಣಜಗಳನ್ನು ಅಧ್ಯಯನ ಮಾಡಿದವರು ಅರಿಜೋನಾದ ಆ ಕಣಜವೂ ಬಾಂಬಾವಾಲೈಯೂ ಒಂದೇ ಎಂದು ಪ್ರಕಟಿಸಿದರು. ಪ್ರಾಣಿನಾಮಗಳ ನಿಯಮದಂತೆ ಮೊದಲು ಪ್ರಕಟವಾದ ಹೆಸರಿಗೇ ಹಕ್ಕು. ಹೀಗಾಗಿ ಕಣಜ ಈನೇಸಿಯಸ್ ಅರಿಜೋನೆನ್ಸಿಸ್ ಆಯಿತು.

ಹೆಸರು ಬದಲಾದೊಡನೆ ಕಣಜದ ಊರೂ ಬದಲಾಯಿತು. ಹೊಸ ಪ್ರಭೇದವಾಗಿದ್ದಾಗ ಇದು ನಮ್ಮ ನೆಲದ್ದೇ ಇರಬಹುದು, ಹೊಸದಾಗಿ ಬಂದ ತಿಗಣೆಯ ರುಚಿ ಹತ್ತಿಸಿಕೊಂಡಿರಬಹುದು ಎಂದು ಊಹಿಸಲು ಅವಕಾಶವಿತ್ತು. ಅರಿಜೋನಾದ್ದೆಂದ ಮೇಲೆ, ತಿಗಣೆಯ ಬೆನ್ನು ಹಿಡಿದು ಅಥವಾ ಅದರ ಒಡಲಲ್ಲೇ ಅಡಗಿ, ಯಾರೂ ಕರೆಯದೆ ಸಾಗರ ದಾಟಿ ಬಂದಿದೆ ಎನ್ನುವುದೇ ಹೆಚ್ಚು ಸಂಭವನೀಯ. ಪರದೇಶದ ಪೀಡೆಗೆ ಪರದೇಶದಿಂದ ಶತ್ರುವನ್ನು ತರಿಸಲು ಸರ್ಕಾರದ ಪರವಾನಗಿ ಬೇಕು, ಪ್ರಯೋಗಾಲಯದಲ್ಲಿ ಪರೀಕ್ಷೆಯಾಗಬೇಕು. ಪಪ್ಪಾಯಿಯ ಹಿಟ್ಟು ತಿಗಣೆಗಾಗಿ 2010ರಲ್ಲಿ ಪೋರ್ಟೊ ರಿಕೊದಿಂದ ಬೆಂಗಳೂರಿಗೆ ಕಣಜಗಳನ್ನು ತರಿಸಿದ್ದು ಹಾಗೆಯೇ. ಹತ್ತಿಯ ವಿಷಯದಲ್ಲಿ ಆ ಖರ್ಚೇ ಇಲ್ಲದೆ ಕೆಲಸವಾಯಿತು. ಅದಕ್ಕೆ ಅಡ್ಡಿಯಾದದ್ದು ಔಷಧಿ ಸಿಂಪಡಣೆ. ಮೇಣ ಹೊದ್ದ ತಿಗಣೆ ಉಳಿದುಕೊಂಡ ಕಡೆಯಲ್ಲೂ ಬರಿಮೈಯ ಕಣಜ ಸತ್ತುಹೋಗುತ್ತಿತ್ತು. ಕಂದು ಮಮ್ಮಿಗಳು ಕಂಡರೆ ಸಿಂಪಡಿಸಬೇಡಿ ಎಂದು ಕೃಷಿ ವಿಜ್ಞಾನಿಗಳು ಹೇಳುವುದು ಇದೇ ಕಾರಣಕ್ಕೆ.

ಈ ಕಣಜವೂ ನಿಶ್ಚಿಂತೆಯಿಂದಿಲ್ಲ. ಕೆಲವು ಮಮ್ಮಿಗಳಿಂದ ಈನೇಸಿಯಸ್ ಬದಲು ಅದಕ್ಕಿಂತಲೂ ಚಿಕ್ಕದಾದ ಮತ್ತೊಂದು ಕಣಜ ಹೊರಬರುತ್ತದೆ. ಪ್ರೊಮಸಿಡಿಯಾ ಎಂಬ ಅದು ಪರಾವಲಂಬಿಯನ್ನೇ ತಿಂದು ಬೆಳೆಯುವ ಪರಾವಲಂಬಿ. ಅದಕ್ಕೆ ಹೆಸರಿಟ್ಟವನೂ ಜಿರಾ ಮಹಾಶಯನೇ.